ನೀರಿನ ಬೆನ್ನು ಹಿಡಿದು ಲುಸರ್ನ್‌ನಲ್ಲಿ ಒಂದು ದಿನ

ಸಾಗರದ ಪೇಟೆಯಲ್ಲಿ ತರಕಾರಿ ಕೊಳ್ಳುತ್ತಾ ನಿಂತಾಗ ಯಾರಾದರೊಬ್ಬರು ಹತ್ತಿರ ಬಂದು ಕೇಳುತ್ತಾರೆ: "ಟೀಚರ್, ಮಗ ಜ್ಯೂರಿಕ್‌ನಲ್ಲಿದ್ದಾನೆ, ಬನ್ನಿ ಎಂದು ಹಟ ಹಿಡಿದಿದ್ದಾನೆ. ಅವನಿಗೆ ದಿನವೂ ಕಚೇರಿ. ನಾವಿಬ್ಬರೇ ಬೆಳಿಗ್ಗೆ ಹೋಗಿ ಸಂಜೆ ವಾಪಸಾಗುವಂಥ ಊರು ಯಾವುದು?" ನಮ್ಮ ಕಡೆಯ ಮಕ್ಕಳು ಅಷ್ಟೊಂದು ಮಂದಿ ಅಲ್ಲಿದ್ದಾರೆ. ನನ್ನ ಉತ್ತರ ಪ್ರತಿ ಸಲವೂ ಒಂದೇ, ಸ್ವಿಟ್ಜರ್ಲೆಂಡಿನ ಲುಸರ್ನ್. ಬಾಯಲ್ಲಿ ಹೇಳಿ ಹೇಳಿ ಅರ್ಧ ಮರೆತುಹೋಗುತ್ತದೆ. ಆದ್ದರಿಂದ ಈ ಸಲ ಪೂರ್ತಿ ಬರೆದೇ ಬಿಡುತ್ತೇನೆ.

ನಾನು ಆ ಊರಿಗೆ ಎರಡು ಸಲ ಹೋಗಿದ್ದೇನೆ. ಮೊದಲ ಸಲ ಒಂದು ಪ್ರವಾಸಿ ತಂಡದ ಜೊತೆ. ಬಸ್ಸಿನಿಂದ ಇಳಿಸಿ ಎರಡೂವರೆ ಗಂಟೆ ಕೊಟ್ಟರು, ಅದರಲ್ಲಿ ಒಂದು ಗಂಟೆ ಗಡಿಯಾರದ ಅಂಗಡಿಯಲ್ಲೇ ಕಳೆಯಿತು. ಸೇತುವೆಯ ಮೇಲೆ ಫೋಟೊ, ಸಿಂಹದ ಮುಂದೆ ಫೋಟೊ, ಮತ್ತೆ ಬಸ್ಸು. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಭೂಗೋಳ ಪಾಠ ಮಾಡಿದವಳಿಗೆ, ಹಿಮನದಿ ಕೊರೆದ ಸರೋವರದ ದಡದಲ್ಲಿ ನಿಂತೂ ನೀರನ್ನು ಮುಟ್ಟದೆ ಬಂದ ದುಃಖ ಬಹಳ ದಿನ ಕಾಡಿತು. ಎರಡನೆಯ ಸಲ ನಾನೂ ನಮ್ಮ ಯಜಮಾನರೂ ಇಬ್ಬರೇ ಹೋದೆವು. ಒಂದೇ ಒಂದು ನಿಯಮ ಇಟ್ಟುಕೊಂಡೆವು: ಆ ದಿನ ಪೂರ್ತಿ ನೀರಿನ ಹಿಂದೆ ಹೋಗುವುದು. ಹಿಮ ಕರಗಿದ ನೀರು ಎಲ್ಲಿ ಕಲ್ಲು ಕೊರೆಯಿತು, ಎಲ್ಲಿ ಸರೋವರವಾಗಿ ನಿಂತಿತು, ಎಲ್ಲಿ ನದಿಯಾಗಿ ಹೊರಟಿತು ಎಂದು ನೋಡುವುದು. ಅದರಾಚೆಯದು ಬಿಟ್ಟರೂ ಅಡ್ಡಿಯಿಲ್ಲ. ಮಲೆನಾಡಿನವರಿಗೆ ಆ ಊರು ಅರ್ಥವಾಗುವ ದಾರಿ ಅದೇ ಎಂದು ನನಗೆ ಖಚಿತವಾಗಿದೆ.

ಮೊದಲು ಕಾಲದ ಮಾತು. ಅಡಿಕೆ ತೋಟ ಇರುವವರಿಗೆ ಮೇ ತಿಂಗಳೇ ಸರಿ. ಕೊಯ್ಲು, ಸುಲಿತ ಎಲ್ಲ ಮುಗಿದಿರುತ್ತದೆ, ಮಳೆ ಹಿಡಿದು ಕೊಳೆರೋಗಕ್ಕೆ ಔಷಧಿ ಹೊಡೆಸುವ ಹೊತ್ತಿಗೆ ಮನೆಗೆ ಮರಳಬಹುದು. ಅಲ್ಲಿ ಮೇ ಕೊನೆಯ ವಾರದಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ. ಡಿಸೆಂಬರಿನಲ್ಲಾದರೆ ಸಂಜೆ ಐದಕ್ಕೆ ಮುಂಚೆಯೇ ಕತ್ತಲು, ಅದೇ ಒಂದು ದಿನ ಅರ್ಧ ದಿನವಾಗಿಬಿಡುತ್ತದೆ. ವಾರ ಆರಿಸುವುದಾದರೆ ಮಂಗಳವಾರ ಅಥವಾ ಶನಿವಾರ. ಆ ಎರಡು ದಿನ ಬೆಳಿಗ್ಗೆ ನದಿಯ ದಂಡೆಯಲ್ಲಿ ಸಂತೆ ನಡೆಯುತ್ತದೆ. ಭಾನುವಾರ ನಿಲ್ದಾಣದ ಅಂಗಡಿಗಳನ್ನು ಬಿಟ್ಟರೆ ಉಳಿದವು ಬಹುತೇಕ ಮುಚ್ಚಿರುತ್ತವೆ. ಮೇ ತಿಂಗಳಲ್ಲಿ ಅವರ ಹಬ್ಬದ ರಜೆಗಳೂ ಬರುತ್ತವೆ, ಮಗನನ್ನೋ ಮಗಳನ್ನೋ ಒಮ್ಮೆ ಕೇಳಿಕೊಳ್ಳಿ.

ವೀಸಾ ಷೆಂಗೆನ್ ವೀಸಾ, ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ. ಹೊರಡುವ ದಿನಕ್ಕೆ ಆರು ತಿಂಗಳು ಇರುವಾಗಿನಿಂದ ಅರ್ಜಿ ಹಾಕಬಹುದು, ಕಡೆಯ ಗಡುವು 15 ದಿನ ಮೊದಲು. ಆ ಗಡುವನ್ನು ನಂಬಿ ಕೂರಬೇಡಿ, ಬೇಸಿಗೆಯ ಪ್ರವಾಸಕ್ಕೆ ಸಂಕ್ರಾಂತಿ ಕಳೆದ ಕೂಡಲೇ ಕಾಗದಪತ್ರ ಶುರು ಮಾಡಿ. ಕನಿಷ್ಠ 30,000 ಯೂರೋ ಮೊತ್ತದ ಪ್ರವಾಸ ವೈದ್ಯಕೀಯ ವಿಮೆ ಕಡ್ಡಾಯ. ಬೆರಳಚ್ಚು ಕೊಡಲು ಬೆಂಗಳೂರಿಗೇ ಹೋಗಬೇಕು. ಇಲ್ಲಿ ನಮ್ಮವರಿಗೆ ಮಾತ್ರ ಹೇಳಬೇಕಾದ ಒಂದು ವಿಷಯವಿದೆ. ಅಡಿಕೆ ಸುಲಿದ, ಅಡಿಕೆ ಬೇಯಿಸಿದ ಚೊಗರಿನಲ್ಲಿ ಅದ್ದಿದ ಬೆರಳುಗಳಲ್ಲಿ ಗೆರೆ ಉಳಿದಿರುವುದಿಲ್ಲ. ನಮ್ಮ ಯಜಮಾನರ ಬಲಗೈ ಹೆಬ್ಬೆರಳು ತೋರುಬೆರಳು ಎರಡನ್ನೂ ಯಂತ್ರ ನಾಲ್ಕು ಸಲ ತಿರಸ್ಕರಿಸಿತು. ಅಲ್ಲಿನ ಹುಡುಗಿ ಒದ್ದೆ ಬಟ್ಟೆಯಲ್ಲಿ ಒರೆಸಿ, ಗಟ್ಟಿಯಾಗಿ ಒತ್ತಿಸಿ, ಐದನೆಯ ಸಲಕ್ಕೆ ತೆಗೆದುಕೊಂಡಳು. ಹೋಗುವುದಕ್ಕೆ ಎರಡು ವಾರ ಮೊದಲೇ ಸುಲಿತ ಬಿಟ್ಟು, ರಾತ್ರಿ ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿ ಮಲಗುವುದು ಒಳ್ಳೆಯದು. ಒಮ್ಮೆ ಸರಿಯಾಗಿ ಕೊಟ್ಟ ಬೆರಳಚ್ಚು 59 ತಿಂಗಳವರೆಗೆ ದಾಖಲೆಯಲ್ಲಿ ಇರುತ್ತದೆ.

ಪೆಟ್ಟಿಗೆಗೆ ಏನು ತುಂಬುವುದು ಎನ್ನುವುದು ನಮ್ಮ ಹೆಂಗಸರ ದೊಡ್ಡ ಚಿಂತೆ. ತುಪ್ಪ, ಪೇಡ, ಜೇನುತುಪ್ಪ ಬೇಡ. ಯುರೋಪಿನ ಹೊರಗಿನಿಂದ ಹಾಲು, ಮಾಂಸ, ಮೊಟ್ಟೆ, ಜೇನಿನ ಪದಾರ್ಥ ಒಯ್ಯುವುದಕ್ಕೆ ಅಲ್ಲಿ ನಿಷೇಧವಿದೆ. ವೀಳ್ಯದೆಲೆಯಂಥ ಹಸಿ ಎಲೆ, ಹಸಿ ತರಕಾರಿ, ನೆಡುವ ಬೀಜಗಳಿಗೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಕೇಳುತ್ತಾರೆ, ಅವನ್ನೂ ಬಿಟ್ಟುಬಿಡಿ. ಅಪ್ಪೆಮಿಡಿ ಉಪ್ಪಿನಕಾಯಿ ಧಾರಾಳವಾಗಿ ಒಯ್ಯಿರಿ, ಆದರೆ ಕೈಚೀಲದಲ್ಲಲ್ಲ, ದೊಡ್ಡ ಪೆಟ್ಟಿಗೆಯಲ್ಲಿ. ರಸ ಇರುವ ಯಾವುದನ್ನೂ 100 ಮಿಲಿಲೀಟರ್‌ಗಿಂತ ಹೆಚ್ಚು ವಿಮಾನದೊಳಗೆ ಕೈಯಲ್ಲಿ ಹಿಡಿದು ಹೋಗಲು ಬಿಡುವುದಿಲ್ಲ.

ಹಣ ಅಲ್ಲಿ ಯೂರೋ ಅಲ್ಲ, ಸ್ವಿಸ್ ಫ್ರಾಂಕ್. ಒಂದು ಫ್ರಾಂಕ್‌ಗೆ ನೂರು ರೂಪಾಯಿಗಿಂತ ಹೆಚ್ಚು. ಪ್ರತಿ ಕಾಫಿಗೂ ರೂಪಾಯಿಯ ಲೆಕ್ಕ ಹಾಕುತ್ತಾ ಕೂತರೆ ಕಾಫಿ ಗಂಟಲಲ್ಲಿ ಇಳಿಯುವುದಿಲ್ಲ. ಇಡೀ ದಿನಕ್ಕೆ ಇಷ್ಟು ಎಂದು ಹಿಂದಿನ ರಾತ್ರಿಯೇ ತೆಗೆದಿಟ್ಟು ನಿಶ್ಚಿಂತೆಯಿಂದಿರಿ. ಟಿಕೆಟ್ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ರೈಲಿನೊಳಗೆ ಟಿಕೆಟ್ ಕೊಡುವುದಿಲ್ಲ, ಇಲ್ಲದಿದ್ದರೆ ದಂಡ. ಮುಂಚೆಯೇ ಕೊಂಡರೆ ಅಗ್ಗವಾಗುವ ಒಂದು ದಿನದ ಪಾಸ್ ಇದೆ. ರೈಲು, ಊರಿನ ಬಸ್ಸು, ಸರೋವರದ ದೋಣಿ ಮೂರಕ್ಕೂ ಅದೊಂದೇ ಸಾಕು. ಪ್ರಯಾಣದ ದಿನ ಹತ್ತಿರವಾದಷ್ಟೂ ಬೆಲೆ ಏರುತ್ತದೆ, ಆದ್ದರಿಂದ ದಿನ ನಿಶ್ಚಯವಾದ ತಕ್ಷಣ ಮಕ್ಕಳಿಂದ ಕೊಡಿಸಿಕೊಳ್ಳಿ. ಪಾಸಿನ ಮೇಲೆ ಹೆಸರಿರುತ್ತದೆ, ಪಾಸ್‌ಪೋರ್ಟ್ ಜೊತೆಗಿರಲಿ.

ಜ್ಯೂರಿಕ್‌ನಿಂದ ಲುಸರ್ನ್‌ಗೆ ಮುಕ್ಕಾಲು ಗಂಟೆಯ ಆಸುಪಾಸು, ಗಂಟೆಗೆ ಎರಡು ರೈಲು. ಎಂಟರ ಸುಮಾರಿನ ರೈಲು ಹಿಡಿಯಿರಿ. ಕೂರುವಾಗ ಎಡಗಡೆಯ ಕಿಟಕಿ. ದಾರಿಯಲ್ಲೇ ಇನ್ನೆರಡು ಸರೋವರಗಳು ಕಾಣಸಿಗುತ್ತವೆ. ಲುಸರ್ನ್ ನಿಲ್ದಾಣದಿಂದ ಹೊರಬಂದರೆ ನೀರು ಕಣ್ಣೆದುರೇ ಇದೆ, ಯಾರನ್ನೂ ದಾರಿ ಕೇಳಬೇಕಾಗಿಲ್ಲ. ಭಾರದ ಚೀಲವಿದ್ದರೆ ನಿಲ್ದಾಣದ ಲಾಕರಿನಲ್ಲಿಡಿ. ಕೈಯಲ್ಲಿ ಖಾಲಿ ಬಾಟಲಿ ಇರಲಿ, ಬೀದಿ ಬೀದಿಯಲ್ಲಿ ಕಲ್ಲಿನ ಕಾರಂಜಿಗಳಿವೆ, ಅವುಗಳ ನೀರು ಕುಡಿಯಲು ಯೋಗ್ಯ. ನೀರು ಕೊಂಡು ಕುಡಿಯುವುದು ಆ ಊರಿನಲ್ಲಿ ಶುದ್ಧ ದಂಡ.

ಒಂಬತ್ತಕ್ಕೆಲ್ಲ ಕಪೆಲ್‌ಬ್ರೂಕೆ ಎಂಬ ಮರದ ಸೇತುವೆಯ ಮೇಲಿರಿ. ತಂಡಗಳು ಬರುವ ಮೊದಲು ಹಲಗೆಯ ಮೇಲೆ ನಿಮ್ಮದೇ ಹೆಜ್ಜೆಯ ಸದ್ದು ಕೇಳಿಸುತ್ತದೆ. ಹದಿನಾಲ್ಕನೆಯ ಶತಮಾನದ ಸೇತುವೆ, ಹೆಂಚಿನ ಮಾಡು, ಮಾಡಿನಡಿಯಲ್ಲಿ ತ್ರಿಕೋನದ ಚಿತ್ರಗಳು. 1993ರ ಆಗಸ್ಟಿನಲ್ಲಿ ಬೆಂಕಿ ಬಿದ್ದು ಹೆಚ್ಚಿನ ಚಿತ್ರಗಳು ಸುಟ್ಟುಹೋದವು. ಮರುವರ್ಷ ಏಪ್ರಿಲ್‌ನಲ್ಲೇ ಸೇತುವೆಯನ್ನು ಮತ್ತೆ ಕಟ್ಟಿ ನಿಲ್ಲಿಸಿದರು. ಹೊಸ ಮರ ಎಲ್ಲಿಂದ ಶುರುವಾಗುತ್ತದೆ, ಹಳೆಯದು ಎಲ್ಲಿ ಮುಗಿಯುತ್ತದೆ ಎಂದು ಬಣ್ಣ ನೋಡಿಯೇ ಹೇಳಬಹುದು. ನಮ್ಮ ಯಜಮಾನರು ಕಂಬಗಳನ್ನು ತಟ್ಟಿ ತಟ್ಟಿ ನೋಡಿದರು. ಸೇತುವೆ ದಾಟಿದರೆ ಸಂತೆ. ಚೆರಿ ಹಣ್ಣು ಬಂದಿದ್ದರೆ ಕಾಲು ಕಿಲೋ ಕೊಳ್ಳಿ, ಚೀಸ್ ಮಾರುವವರ ಮುಂದೆ ಎರಡು ನಿಮಿಷ ನಿಲ್ಲಿ. ಯಾರ ಮುಂದೆ ನಿಂತರೂ ಮೊದಲು "ಗ್ರ್ಯುಯೆಟ್ಸಿ" ಎನ್ನಿ. ಅದು ಅವರ ನಮಸ್ಕಾರ. ಆ ಒಂದು ಮಾತಿಗೆ ಮುಖ ಅರಳುತ್ತದೆ.

ಅಲ್ಲಿಂದ ಹದಿನೈದು ನಿಮಿಷ ನಡೆದರೆ ಸಿಂಹ. ಬಂಡೆಯಲ್ಲೇ ಕೊರೆದ, ಹತ್ತು ಮೀಟರ್ ಉದ್ದದ, ಸಾಯುತ್ತಿರುವ ಸಿಂಹ. ಪಕ್ಕೆಯಲ್ಲಿ ಮುರಿದ ಭರ್ಜಿ. 1792ರ ಆಗಸ್ಟ್ 10ರಂದು ಪ್ಯಾರಿಸ್ಸಿನಲ್ಲಿ ಫ್ರಾನ್ಸಿನ ರಾಜನ ಅರಮನೆ ಕಾಯುತ್ತಾ ಸತ್ತ ಸ್ವಿಸ್ ಸೈನಿಕರ ನೆನಪಿಗೆ ಡೆನ್ಮಾರ್ಕಿನ ಶಿಲ್ಪಿ ಥೋರ್ವಾಲ್ಡ್‌ಸನ್ ಅದರ ವಿನ್ಯಾಸ ಮಾಡಿದ, 1821ರಲ್ಲಿ ಕೆತ್ತನೆ ಮುಗಿಯಿತು. ಕೆಳದಿ, ಬಳ್ಳಿಗಾವಿಗಳಲ್ಲಿ ವೀರಗಲ್ಲು ನೋಡಿ ಬೆಳೆದ ನಮಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಒಡೆಯನ ಅನ್ನದ ಋಣಕ್ಕೆ ಪ್ರಾಣ ಕೊಟ್ಟವರ ಕಲ್ಲು. ಎದುರಿನ ಕೊಳದ ಪಕ್ಕದ ಬೆಂಚಿನಲ್ಲಿ ಸದ್ದು ಮಾಡದೆ ಕುಳಿತುಕೊಳ್ಳಿ, ಅಷ್ಟು ಸಾಕು.

ಹೆಚ್ಚಿನವರು ಇಲ್ಲಿಂದ ಹಿಂದಿರುಗುತ್ತಾರೆ. ದಯವಿಟ್ಟು ಹಿಂದಿರುಗಬೇಡಿ. ಸಿಂಹದ ಪಕ್ಕದಲ್ಲೇ ಹಿಮನದಿ ಉದ್ಯಾನವಿದೆ. ಪ್ರವೇಶ ಶುಲ್ಕ ಇದೆ, ಕೊಟ್ಟು ಒಳಗೆ ಹೋಗಿ. 1872ರಲ್ಲಿ ಒಬ್ಬರು ನೆಲಮಾಳಿಗೆ ತೋಡಿಸುವಾಗ ಬಂಡೆಯಲ್ಲಿ ದೊಡ್ಡ ದೊಡ್ಡ ಗುಂಡಿಗಳು ಸಿಕ್ಕವು. ಎಲ್ಲಕ್ಕಿಂತ ಆಳದ್ದು ಒಂಬತ್ತೂವರೆ ಮೀಟರ್. ಹಿಮಗಡ್ಡೆಯ ಅಡಿಯಲ್ಲಿ ರಭಸದಿಂದ ಹರಿದ ನೀರು ಸುಳಿ ತಿರುಗುತ್ತಾ ಕೊರೆದ ಗುಂಡಿಗಳು ಇವು. ತುಂಗೆಯ ಪಾತ್ರದಲ್ಲಿ ಬೇಸಿಗೆಯಲ್ಲಿ ನೀರಿಳಿದಾಗ ಬಂಡೆಗಳ ಮೇಲೆ ಒರಳಿನಂಥ ಗುಳಿಗಳು ಕಾಣುತ್ತವಲ್ಲ, ಒಳಗೆ ನುಣ್ಣನೆಯ ಗುಂಡುಕಲ್ಲು ಇರುತ್ತದೆ, ಅದೇ ಕೆಲಸ. ಇಲ್ಲಿ ಆ ಒರಳು ಒಂದು ಬಾವಿಯಷ್ಟು ದೊಡ್ಡದು.

ಅದೇ ಜಾಗದಲ್ಲಿ ಒಂದು ಕಲ್ಲಿನ ಮುಂದೆ ನಮ್ಮ ಯಜಮಾನರು ನಿಂತವರು ನಿಂತೇ ಇದ್ದರು. ಕಲ್ಲಿನಲ್ಲಿ ಎಲೆಯ ಅಚ್ಚು. ನಡುವಿನಿಂದ ಬೀಸಣಿಗೆಯಂತೆ ಬಿಚ್ಚಿಕೊಂಡ ಗೆರೆಗಳು, ಒಂದೊಂದು ಮಡಿಕೆಯೂ ಸ್ಪಷ್ಟ. "ಇದು ನಮ್ಮ ಜಾತಿಯದೇ ಮರ" ಎಂದರು. ಹೌದು, ತಾಳೆಯ ಕುಲದ ಎಲೆ, ಅಡಿಕೆಯ ದಾಯಾದಿ. ಎರಡು ಕೋಟಿ ವರ್ಷಗಳ ಹಿಂದೆ ಆ ಜಾಗ ಬೆಚ್ಚನೆಯ ಕಡಲತೀರವಾಗಿತ್ತು. ಹಿಮದ ನಾಡು ಎಂದು ನಾವು ನಂಬಿಕೊಂಡ ನೆಲದಲ್ಲಿ ಸೋಗೆಯ ಗುರುತು. ನಾನು ಮೂವತ್ತು ವರ್ಷ ಪುಸ್ತಕ ಹಿಡಿದು ಹೇಳಿದ ಪಾಠ ಇದೇ. ಅದನ್ನು ಅವರು ಒಂದೇ ನೋಟಕ್ಕೆ ಓದಿಕೊಂಡರು.

ಊಟ ನಿಮ್ಮದೇ ಆಗಿರಲಿ. ಚಪಾತಿ, ಪಲ್ಯ, ಮಿಡಿ ಉಪ್ಪಿನಕಾಯಿ ಡಬ್ಬಿಗೆ ಹಾಕಿಕೊಂಡು ಬಂದು ಸರೋವರದ ದಂಡೆಯ ಮರದಡಿ ಬೆಂಚಿನಲ್ಲಿ ಕೂತು ಉಣ್ಣಿ, ಅಲ್ಲಿನವರೂ ಹಾಗೇ ಉಣ್ಣುತ್ತಾರೆ. ಹೋಟೆಲಿನ ಊಟವೇ ಬೇಕೆಂದರೆ "ವೆಗೆಟಾರಿಷ್" ಎಂದು ಹೇಳಿ. ಆಲೂಗೆಡ್ಡೆ ತುರಿದು ಬೆಣ್ಣೆಯಲ್ಲಿ ಕೆಂಪಗೆ ಬೇಯಿಸಿದ ರೋಸ್ಟಿ ನಮ್ಮ ನಾಲಿಗೆಗೆ ಹಿಡಿಸುತ್ತದೆ. "ಓನೆ ಷ್ಪೆಕ್", ಅಂದರೆ ಹಂದಿಮಾಂಸ ಬೇಡ ಎಂದು ಸ್ಪಷ್ಟವಾಗಿ ಹೇಳಿ ತರಿಸಿಕೊಳ್ಳಿ.

ಮಧ್ಯಾಹ್ನ ದೋಣಿ. ಹಣ, ಸಮಯ, ಶಕ್ತಿ ಮೂರನ್ನೂ ಉಳಿಸಬೇಕಾದರೆ ಬೇರೆ ಎಲ್ಲಾದರೂ ಉಳಿಸಿ, ದೋಣಿಯಲ್ಲಿ ಮಾತ್ರ ಬೇಡ. ನಿಲ್ದಾಣದ ಎದುರಿನಿಂದಲೇ ಹೊರಡುತ್ತವೆ. ವೇಳಾಪಟ್ಟಿಯಲ್ಲಿ ಉಗಿ ದೋಣಿಗೆ ಬೇರೆ ಗುರುತು ಇರುತ್ತದೆ, ಅದನ್ನೇ ಆರಿಸಿ. ಎರಡೂ ಬದಿಗೆ ಚಕ್ರ ತಿರುಗಿಸುತ್ತಾ ನೀರು ಸೀಳುವ ಐದು ಹಳೆಯ ಉಗಿ ದೋಣಿಗಳು ಈಗಲೂ ಓಡುತ್ತಿವೆ. ಎಲ್ಲಕ್ಕಿಂತ ಹಳೆಯದು 1901ರದು, ಕಿರಿಯದು 1928ರದು. ಮಧ್ಯದಲ್ಲಿ ಎಂಜಿನ್ ತೆರೆದೇ ಇರುತ್ತದೆ. ಕಟಕಟೆಗೆ ಒರಗಿ ಬಗ್ಗಿ ನೋಡಿದರೆ ಆಳೆತ್ತರದ ಉಕ್ಕಿನ ತೋಳುಗಳು ಎಣ್ಣೆಯಲ್ಲಿ ಹೊಳೆಯುತ್ತಾ ಮೇಲೆ ಕೆಳಗೆ ಆಡುವುದು ಕಾಣುತ್ತದೆ, ಬಿಸಿ ಗಾಳಿ ಮುಖಕ್ಕೆ ಬಡಿಯುತ್ತದೆ. ಮೇಲಿನ ಅಟ್ಟ ಮೊದಲ ದರ್ಜೆಯದು. ನಮಗೆ ಗೊತ್ತಿರಲಿಲ್ಲ, ಹತ್ತಿ ಕೂತಿದ್ದೆವು, ಸಿಬ್ಬಂದಿ ನಯವಾಗಿ ಹೇಳಿ ಕೆಳಗೆ ಕಳುಹಿಸಿದರು. ಎರಡನೆಯ ದರ್ಜೆಯ ಪಾಸ್ ಇರುವವರು ಕೆಳಗೇ ಕೂರಬೇಕು, ನೀರು ಹತ್ತಿರವಿರುವುದೂ ಅಲ್ಲೇ. ವಿಟ್ಸ್‌ನೌ ಎಂಬ ಊರಿನವರೆಗೆ ಸುಮಾರು ಒಂದು ಗಂಟೆ, ಅಲ್ಲಿಂದ ವಾಪಸ್.

ಸರೋವರದ ಜರ್ಮನ್ ಹೆಸರಿನ ಅರ್ಥ ನಾಲ್ಕು ಕಾಡುನಾಡುಗಳ ಸರೋವರ. 114 ಚದರ ಕಿಲೋಮೀಟರ್ ಹರವು, 214 ಮೀಟರ್ ಆಳ. ನಮ್ಮ ಕಡೆಯವರಿಗೆ ಅರ್ಥವಾಗುವಂತೆ ಹೇಳುವುದಾದರೆ, ನಮ್ಮ ಲಿಂಗನಮಕ್ಕಿ ಜಲಾಶಯ ತುಂಬುವುದು ಸಮುದ್ರಮಟ್ಟದಿಂದ 1,819 ಅಡಿಗೆ, ಈ ಸರೋವರದ ನೀರಿನ ಮಟ್ಟ ಅದಕ್ಕಿಂತ ಸುಮಾರು 400 ಅಡಿ ಕೆಳಗೆ. ಆಲ್ಪ್ಸ್ ಎಂದ ಮಾತ್ರಕ್ಕೆ ನಾವು ಎಲ್ಲೋ ಆಕಾಶದಲ್ಲಿದ್ದೇವೆ ಎಂದುಕೊಂಡಿದ್ದ ನಮ್ಮ ಯಜಮಾನರಿಗೆ ಇದನ್ನು ನಂಬಿಸಲು ನಾನು ನಕಾಶೆ ತೆಗೆಯಬೇಕಾಯಿತು.

ನನ್ನ ತವರು ಶರಾವತಿಯ ಮುಳುಗಡೆ ಊರು. ನಾನು ಹುಟ್ಟುವ ಹೊತ್ತಿಗೆ ಅಜ್ಜನ ಮನೆ, ತೋಟ, ದೇವರ ಕಟ್ಟೆ ಎಲ್ಲ ಹಿನ್ನೀರಿನಡಿ ಸೇರಿದ್ದವು. ಸಿಗಂದೂರಿಗೆ ಸೇತುವೆ ಆಗುವ ಮೊದಲು ಹೊಳೆಬಾಗಿಲಿನ ಲಾಂಚಿನಲ್ಲಿ ಹೋಗುವಾಗಲೆಲ್ಲ ಅಮ್ಮ ನೀರಿನ ಒಂದು ಜಾಗ ತೋರಿಸಿ ಸುಮ್ಮನಾಗುತ್ತಿದ್ದಳು. ಹಾಗಾಗಿ ದೋಣಿ ನಡುನೀರಿಗೆ ಬಂದಾಗ ನಮ್ಮ ಯಜಮಾನರು ಕೇಳಿದ ಪ್ರಶ್ನೆ ನನಗೆ ವಿಚಿತ್ರವೆನಿಸಲಿಲ್ಲ: "ಇದರಡಿಯಲ್ಲಿ ಎಷ್ಟು ಊರಿವೆ?" ಇದು ಯಾರೂ ಕಟ್ಟೆ ಕಟ್ಟಿ ನಿಲ್ಲಿಸಿದ ನೀರಲ್ಲ, ಹಿಮನದಿ ಕೊರೆದ ಕಣಿವೆ ಎಂದೆ. ಆದರೆ ಊರೇ ಇಲ್ಲ ಎನ್ನುವಂತಿಲ್ಲ. ಲುಸರ್ನ್ ಹತ್ತಿರ ಪೈಪ್ ಹಾಕಲು ಸರೋವರದ ತಳ ಅಗೆದಾಗ ಮರದ ಕಂಬಗಳೂ ಮಡಕೆ ಚೂರುಗಳೂ ಸಿಕ್ಕಿ, ಮೂರು ಸಾವಿರ ವರ್ಷ ಹಿಂದಿನ ಒಂದು ಊರು ಅಲ್ಲಿತ್ತೆಂದು 2021ರಲ್ಲಿ ತಿಳಿದುಬಂತು. ಅದನ್ನು ಹೇಳಿದ ಮೇಲೆ ವಿಟ್ಸ್‌ನೌ ಬರುವವರೆಗೆ ಅವರು ಮಾತಾಡಲಿಲ್ಲ. ನಾನೂ ಆಡಿಸಲಿಲ್ಲ.

ಬೆಟ್ಟ ಹತ್ತಬೇಕೇ ಎಂದು ಎಲ್ಲರೂ ಕೇಳುತ್ತಾರೆ. ವಿಟ್ಸ್‌ನೌದಿಂದ ರಿಗಿ ಬೆಟ್ಟಕ್ಕೆ ಹಲ್ಲುಗಾಲಿಯ ರೈಲಿದೆ, 1871ರಲ್ಲಿ ಶುರುವಾದದ್ದು, ಬೆಟ್ಟ ಹತ್ತುವ ರೈಲುಗಳಲ್ಲಿ ಯುರೋಪಿನಲ್ಲೇ ಮೊದಲನೆಯದು. ತುದಿ 1,798 ಮೀಟರ್, ನಮ್ಮ ಕೊಡಚಾದ್ರಿಗಿಂತ ಸುಮಾರು 450 ಮೀಟರ್ ಎತ್ತರ. ಆಗುಂಬೆಯಲ್ಲಿ ಸೂರ್ಯಾಸ್ತ ನೋಡಲು ಹೋಗಿ ಮಂಜು ನೋಡಿ ಬಂದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಬೆಟ್ಟದ ತುದಿಯ ಕ್ಯಾಮೆರಾ ಚಿತ್ರ ಮೊಬೈಲಿನಲ್ಲಿ ನೇರವಾಗಿ ನೋಡಬಹುದು. ಬೆಳಿಗ್ಗೆ ಅದರಲ್ಲಿ ಬಿಳುಪು ಬಿಟ್ಟು ಬೇರೇನೂ ಕಾಣದಿದ್ದರೆ ಬೆಟ್ಟ ಬಿಡಿ. ತಿಳಿಯಾಗಿದ್ದರೂ ಬೆಟ್ಟಕ್ಕೆ ಹೋದರೆ ಊರಿನ ಮಧ್ಯಾಹ್ನ ಪೂರ್ತಿ ಹೋಯಿತೆಂದೇ ಲೆಕ್ಕ. ನನ್ನನ್ನು ಕೇಳಿದರೆ ಬೆಟ್ಟಕ್ಕೆ ಬೇರೊಂದು ದಿನ ಇಡಿ. ಸಾರಿಗೆ ವಸ್ತುಸಂಗ್ರಹಾಲಯವೂ ಹಾಗೆಯೇ, ಅದಕ್ಕೇ ಒಂದು ದಿನ ಬೇಕು.

ದೋಣಿಯಿಂದ ಇಳಿದವರು ನಾಲ್ಕರ ಸುಮಾರಿಗೆ ಊರಿನ ಬೆನ್ನಿಗಿರುವ ಮುಸೆಗ್ ಕೋಟೆಗೋಡೆಗೆ ಹೋಗಿ. ಒಂಬತ್ತು ಗೋಪುರಗಳಲ್ಲಿ ನಾಲ್ಕನ್ನು ಬೇಸಿಗೆಯಲ್ಲಿ ತೆರೆದಿಡುತ್ತಾರೆ, ಹಣವಿಲ್ಲ. ಮೆಟ್ಟಿಲು ಕಡಿದು, ಮಂಡಿ ನೋವಿರುವವರು ಗೋಡೆಯ ಬುಡದ ಹುಲ್ಲಿನ ದಾರಿಯಲ್ಲೇ ನಡೆಯಿರಿ. ಹತ್ತಬಲ್ಲವರು ಐದು ಗಂಟೆಗೆ ಐದು ನಿಮಿಷ ಇರುವಾಗ ಟ್ಸೀಟ್ ಎಂಬ ಗಡಿಯಾರ ಗೋಪುರದಲ್ಲಿರಬೇಕು. ಅಲ್ಲಿರುವುದು 1535ರ ಗಡಿಯಾರ. ಊರಿನ ಉಳಿದೆಲ್ಲ ಗಡಿಯಾರಗಳಿಗಿಂತ ಒಂದು ನಿಮಿಷ ಮೊದಲು ಬಾರಿಸುವ ಹಕ್ಕು ಇದರದು. ಇದು ಬಾರಿಸಿ ನಿಂತ ಮೇಲೆ ಕೆಳಗಿನ ಚರ್ಚುಗಳು ಒಂದೊಂದಾಗಿ ದನಿಗೂಡಿಸುತ್ತವೆ.

ಗೋಡೆಗುಂಟ ಪಶ್ಚಿಮಕ್ಕೆ ಇಳಿದರೆ ಮತ್ತೆ ರಾಯ್ಸ್ ನದಿ. ಅಲ್ಲಿ ಇನ್ನೊಂದು ಮರದ ಸೇತುವೆ ಇದೆ, ಶ್ಪ್ರಾಯರ್. ಶ್ಪ್ರಾಯ್ ಎಂದರೆ ಹೊಟ್ಟು. ಊರಿನ ಕಟ್ಟಕಡೆಯ ಸೇತುವೆ ಇದಾದ್ದರಿಂದ ಧಾನ್ಯದ ಹೊಟ್ಟನ್ನು ಇಲ್ಲಿಂದ ಮಾತ್ರ ಹೊಳೆಗೆ ಎಸೆಯಬಹುದಿತ್ತು. ಮೇಲಿನವರು ಎಸೆದದ್ದು ಕೆಳಗಿನವರ ಕೊಡಕ್ಕೆ ಬರಬಾರದು ಎಂಬ ಎಚ್ಚರ ಅವರಿಗೆ ಮಧ್ಯಯುಗದಲ್ಲೇ ಇತ್ತು. ತುಂಗೆಗೆ ನಾವು ಇಂದು ಏನೇನು ಸುರಿಯುತ್ತಿದ್ದೇವೆ ಎಂದು ನೆನೆದು ನನಗೆ ನಿಜವಾಗಿ ಸಂಕಟವಾಯಿತು.

ಸೇತುವೆಯಿಂದ ಸ್ವಲ್ಪ ಮೇಲಕ್ಕೆ, ನೀರಿಗೆ ಅಡ್ಡಲಾಗಿ, ಸೂಜಿ ಕಟ್ಟೆ. 1859ರಿಂದ 1861ರವರೆಗೆ ಕಟ್ಟಿದ್ದು. ಸೂಜಿ ಎಂದರೆ ಮರದ ಉದ್ದನೆಯ ಪಟ್ಟಿಗಳು. ಒಂದರ ಪಕ್ಕ ಒಂದನ್ನು ಕೈಯಿಂದಲೇ ನೀರಿಗೆ ಇಳಿಸಿ ನಿಲ್ಲಿಸುತ್ತಾರೆ. ಚಳಿಗಾಲದಲ್ಲಿ ಹೆಚ್ಚು ಪಟ್ಟಿ, ಹಿಮ ಕರಗುವಾಗ ಕಡಿಮೆ. ಇಡೀ ಸರೋವರದ ಮಟ್ಟವನ್ನು ಹಿಡಿದಿಡುವುದರಲ್ಲಿ ಈ ಪಟ್ಟಿಗಳ ಪಾಲಿದೆ. ತೋಟದ ಕಾದಿಗೆಗೆ ಹಲಗೆ ಕೊಟ್ಟು ನೀರು ತಿರುಗಿಸುವವರಿಗೆ ಇದರ ಮರ್ಮ ಕೂಡಲೇ ಹೊಳೆಯುತ್ತದೆ. ಎರಡು ಪಟ್ಟಿಗಳ ಸಂದಿನಿಂದ ಚಿಮ್ಮುವ ನೀರು ಹಸಿರುಗಾಜಿನಂತೆ ತೆಳುವಾಗಿ ಬಾಗಿ, ಕೆಳಗೆ ನೊರೆಯಾಗುತ್ತದೆ. ಒಂದು ಪಟ್ಟಿ ಉಳಿದವುಗಳಿಗಿಂತ ಹೊಸದಾಗಿತ್ತು, ಮರದ ಹಳದಿ ಇನ್ನೂ ಮಾಸಿರಲಿಲ್ಲ. "ಯಾವ ಮರವೋ, ನಮ್ಮ ಹೊನ್ನೆಯಾದರೆ ಇನ್ನೂ ಬಾಳುತ್ತಿತ್ತು" ಎಂದು ಯಜಮಾನರು ಬಹಳ ಹೊತ್ತು ಅದನ್ನೇ ನೋಡಿದರು.

ಇಲ್ಲಿಗೆ ಏಳು ಗಂಟೆಯಾಗಿರುತ್ತದೆ, ಬಿಸಿಲು ಇನ್ನೂ ನೀರಿನ ಮೇಲಿರುತ್ತದೆ. ನಿಲ್ದಾಣಕ್ಕೆ ಹೊಳೆಯಂಚಿನಲ್ಲೇ ಕಾಲು ಗಂಟೆಯೊಳಗಿನ ನಡಿಗೆ. ಊರಿಗೆ ಫೋನ್ ಮಾಡಬೇಕೆನಿಸಿದರೆ ನೆನಪಿಡಿ, ಬೇಸಿಗೆಯಲ್ಲಿ ನಮ್ಮ ಗಡಿಯಾರ ಅವರಿಗಿಂತ ಮೂರೂವರೆ ಗಂಟೆ ಮುಂದೆ, ಸಾಗರದಲ್ಲಿ ಆಗ ಹತ್ತೂವರೆ. ಕೊನೆಯ ಕಾರಂಜಿಯಲ್ಲಿ ಬಾಟಲಿ ತುಂಬಿಸಿಕೊಂಡು ರೈಲು ಹತ್ತಿ. ಈ ಸಲ ಬಲಗಡೆಯ ಕಿಟಕಿ.